ಕೋಡಿ ಬಿದ್ದ ಪೊವಾಯಿಯ ನೀರು ನಮ್ಮ ನಲ್ಲಿಗೆ ಏಕೆ ಬರುವುದಿಲ್ಲ?

ಮಳೆಗಾಲ ಹಿಡಿದ ಕೆಲವೇ ವಾರಗಳಲ್ಲಿ ಮುಂಬೈಯ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಸುದ್ದಿಯೊಂದಿದೆ. ಪೊವಾಯಿ ಕೆರೆ ತುಂಬಿತು, ನಮ್ಮ ಊರ ಕಡೆಯ ಮಾತಿನಲ್ಲಿ ಹೇಳುವುದಾದರೆ ಕೋಡಿ ಬಿದ್ದಿತು ಎಂಬುದು ಆ ಸುದ್ದಿ. ಈ ಕೆರೆಯ ನೀರು ಕುಡಿಯಲು ಯೋಗ್ಯವಲ್ಲ ಎಂಬ ಮಹಾನಗರ ಪಾಲಿಕೆಯ ಒಂದು ಸಾಲು ಅದರ ಜೊತೆಗೇ ಇರುತ್ತದೆ. ಮಳೆ ತಡವಾದ ವರ್ಷಗಳಲ್ಲಂತೂ, ನಗರಕ್ಕೆ ನೀರು ಕೊಡುವ ದೂರದ ಜಲಾಶಯಗಳಿಗೆ ಇನ್ನೂ ಎಷ್ಟು ನೀರು ಸೇರಬೇಕು, ನೀರಿನ ಕಡಿತ ಯಾವಾಗ ಮುಗಿಯುತ್ತದೆ ಎಂಬ ವರದಿಯನ್ನೂ ನಾವು ಅದೇ ವಾರದಲ್ಲಿ ಓದುತ್ತೇವೆ. ಭಾಂಡೂಪ್, ವಿಕ್ರೋಲಿ, ಮುಲುಂಡ್‌ಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರು ಕೆರೆ, ಬಾವಿ, ಮದಗಗಳ ಊರುಗಳಿಂದ ಬಂದವರು. ತುಂಬಿದ ಕೆರೆಯೊಂದು ಕಣ್ಣೆದುರಿಗಿರುವಾಗ ನೂರು ಕಿಲೋಮೀಟರ್ ಆಚೆಯ ನೀರಿಗಾಗಿ ಏಕೆ ಕಾಯಬೇಕು ಎಂದು ಅವರು ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಗರದ ನೀರಿನ ವ್ಯವಸ್ಥೆಯ ಬಹುಭಾಗ ಅರ್ಥವಾಗುತ್ತದೆ.

ಏಳು ಕೆರೆಗಳು, ಒಂದೇ ಮಳೆ

ಮುಂಬೈಗೆ ಕುಡಿಯುವ ನೀರು ಬರುವುದು ಏಳು ಜಲಾಶಯಗಳಿಂದ. ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ, ತಾನ್ಸಾ ಮತ್ತು ಮೋಡಕ್ ಸಾಗರ ನಗರದ ಹೊರಗೆ ಥಾಣೆ, ಪಾಲ್ಘರ್, ನಾಶಿಕ್ ಜಿಲ್ಲೆಗಳಲ್ಲಿವೆ. ವಿಹಾರ್ ಮತ್ತು ತುಳಸಿ ನಗರದೊಳಗಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿವೆ. ಇವೆಲ್ಲವೂ ಭರ್ತಿಯಾದಾಗ ಬಳಸಲು ಸಿಗುವ ನೀರು ಸುಮಾರು 1,44,736 ಕೋಟಿ ಲೀಟರ್. ನಗರಕ್ಕೆ ದಿನವೊಂದಕ್ಕೆ ಪೂರೈಕೆಯಾಗುವುದು ಹೆಚ್ಚುಕಡಿಮೆ 390 ಕೋಟಿ ಲೀಟರ್. ಮೊದಲನೆಯ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿದರೆ 371 ದಿನಗಳು ಬರುತ್ತವೆ. ಅಂದರೆ ನಾಲ್ಕು ತಿಂಗಳ ಮಳೆಯಲ್ಲಿ ಕಣಜ ತುಂಬಿಸಿಕೊಂಡು ಮುಂದಿನ ಮಳೆಯವರೆಗೆ ಅದರಲ್ಲೇ ಸಂಸಾರ ನಡೆಸುವ ಮನೆಯಂತೆ ಈ ನಗರ ಬದುಕುತ್ತಿದೆ. ಕಣಜ ಪೂರ್ತಿ ತುಂಬಿದ ವರ್ಷದಲ್ಲಿಯೂ ಮಿಗುವುದು ಆರು ದಿನಗಳ ನೀರು ಮಾತ್ರ. ಬೇಸಿಗೆಯ ಬಿಸಿಲಿಗೆ ಆವಿಯಾಗುವ ಪಾಲನ್ನು ಕಳೆದರೆ ಅದೂ ಉಳಿಯುವುದಿಲ್ಲ.

ಈ ಒಟ್ಟು ಸಂಗ್ರಹದಲ್ಲಿ ಸರಿಸುಮಾರು ಅರ್ಧದಷ್ಟು, ಅಂದರೆ 71,700 ಕೋಟಿ ಲೀಟರ್, ಭಾತ್ಸಾ ಒಂದರಲ್ಲೇ ಇದೆ. ನಗರದೊಳಗಿನ ವಿಹಾರ್ ಮತ್ತು ತುಳಸಿ ಎರಡೂ ಸೇರಿ ಕೊಡುವುದು ಶೇಕಡಾ ಎರಡೂವರೆಯಷ್ಟು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಏಳೂ ಜಲಾಶಯಗಳು ಸಹ್ಯಾದ್ರಿಯಿಂದ ಕಡಲಿನವರೆಗಿನ ಒಂದೇ ಪಟ್ಟಿಯಲ್ಲಿ ಹತ್ತಿರ ಹತ್ತಿರವೇ ಇವೆ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಂದೇ ಮುಂಗಾರನ್ನು ನೆಚ್ಚಿಕೊಂಡಿವೆ. ಮುಂಗಾರು ತಡವಾದರೆ ಏಳಕ್ಕೂ ಒಟ್ಟಿಗೆ ತಡವಾಗುತ್ತದೆ. 2024ರ ಜೂನ್‌ನಲ್ಲಿ ಆದದ್ದು ಇದೇ. ಒಟ್ಟು ಸಂಗ್ರಹ ಶೇಕಡಾ 5ರ ಆಸುಪಾಸಿಗೆ ಇಳಿಯಿತು, ಮೇ 30ರಿಂದ ಶೇಕಡಾ 5ರಷ್ಟು ಮತ್ತು ಜೂನ್ 5ರಿಂದ ಶೇಕಡಾ 10ರಷ್ಟು ನೀರಿನ ಕಡಿತ ಜಾರಿಯಾಯಿತು. ಭಾತ್ಸಾ ಮತ್ತು ಮೇಲಿನ ವೈತರಣಾ ಜಲಾಶಯಗಳಲ್ಲಿ ತುರ್ತಿಗೆಂದು ಮೀಸಲಿಡುವ ನೀರನ್ನು ಬಳಸಿಕೊಳ್ಳಲು ರಾಜ್ಯ ಸರ್ಕಾರದ ಒಪ್ಪಿಗೆ ಪಡೆಯಬೇಕಾಯಿತು. ಜುಲೈ ಕೊನೆಯ ವಾರದಲ್ಲಿ ಮಳೆ ಜಲಾಶಯಗಳನ್ನು ತುಂಬಿದ ಮೇಲೆಯೇ ಕಡಿತ ತೆರವಾದದ್ದು.

ಮೂಲಗಳ ವೈವಿಧ್ಯ ಎಂದರೇನು

ಒಬ್ಬ ರೈತನಿಗೆ ಏಳು ಗದ್ದೆಗಳಿದ್ದು ಅವೆಲ್ಲವೂ ಒಂದೇ ಕೆರೆಯ ಅಚ್ಚುಕಟ್ಟಿನಲ್ಲಿದ್ದರೆ, ಗದ್ದೆಗಳ ಸಂಖ್ಯೆ ಏಳೆಂಬುದರಿಂದ ಅವನಿಗೆ ಬರಗಾಲದಲ್ಲಿ ಹೆಚ್ಚಿನ ಭದ್ರತೆಯೇನೂ ಸಿಗುವುದಿಲ್ಲ. ಅವುಗಳಲ್ಲಿ ಒಂದು ಗದ್ದೆಗೆ ಬಾವಿಯ ನೀರು, ಇನ್ನೊಂದಕ್ಕೆ ಹೊಳೆಯ ನೀರು ಇದ್ದರೆ ಆಗ ಪರಿಸ್ಥಿತಿ ಬೇರೆ. ನಗರದ ನೀರಿನ ವಿಷಯದಲ್ಲಿ ಮೂಲಗಳ ವೈವಿಧ್ಯ ಎಂದು ಪರಿಣತರು ಹೇಳುವುದು ಇದನ್ನೇ. ಒಂದು ಮೂಲ ಕೈಕೊಡುವ ಕಾರಣಕ್ಕೇ ಇನ್ನೊಂದೂ ಕೈಕೊಡುವಂತಿದ್ದರೆ ಅವೆರಡನ್ನೂ ಭದ್ರತೆಯ ಲೆಕ್ಕದಲ್ಲಿ ಒಂದೇ ಮೂಲವೆಂದು ಎಣಿಸಬೇಕಾಗುತ್ತದೆ.

ಈ ಅಳತೆಗೋಲಿನಲ್ಲಿ ಮುಂಬೈಯ ಮುಂದಿರುವ ಯೋಜನೆಗಳನ್ನು ನೋಡಬಹುದು. ಪಾಲ್ಘರ್ ಜಿಲ್ಲೆಯ ಗಾರ್ಗಾಯಿ ಅಣೆಕಟ್ಟಿನಿಂದ ದಿನಕ್ಕೆ 44 ಕೋಟಿ ಲೀಟರ್ ನೀರು ಸಿಗುವ ಅಂದಾಜಿದೆ. ಅದು ದೊಡ್ಡ ಪ್ರಮಾಣವೇ ಆದರೂ ಅದೂ ಅದೇ ಮುಂಗಾರಿನ ಕೂಸು, ಮೇಲಾಗಿ ಅದಕ್ಕಾಗಿ ಕಾಡು ಮುಳುಗಬೇಕಾಗುತ್ತದೆ ಮತ್ತು ಹಳ್ಳಿಗಳು ಸ್ಥಳಾಂತರವಾಗಬೇಕಾಗುತ್ತದೆ. ಮನೋರಿಯಲ್ಲಿ ಕಡಲ ನೀರಿನ ಉಪ್ಪು ತೆಗೆಯುವ ಘಟಕವನ್ನು ಮೊದಲ ಹಂತದಲ್ಲಿ ದಿನಕ್ಕೆ 20 ಕೋಟಿ ಲೀಟರ್ ಸಾಮರ್ಥ್ಯಕ್ಕೆ ಯೋಜಿಸಲಾಗಿದೆ. ಕಡಲು ಬತ್ತುವುದಿಲ್ಲವಾದ್ದರಿಂದ ಮಳೆಯ ಹಂಗಿಲ್ಲದ ಮೂಲ ಇದು. ಆದರೆ ಲೀಟರಿಗೆ 35 ಗ್ರಾಂನಷ್ಟು ಉಪ್ಪಿರುವ ನೀರನ್ನು ಸೂಕ್ಷ್ಮ ಪೊರೆಗಳ ಮೂಲಕ ಒತ್ತಡದಿಂದ ಹಾಯಿಸಬೇಕಾಗಿರುವುದರಿಂದ ಪ್ರತಿ ಸಾವಿರ ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಭಾತ್ಸಾ, ವೈತರಣಾಗಳ ನೀರಾದರೋ ದಾರಿಯ ಬಹುಪಾಲನ್ನು ಎತ್ತರದಿಂದ ತಗ್ಗಿಗೆ ತಾನಾಗಿಯೇ ಹರಿದು ಬರುತ್ತದೆ.

ಮೂರನೆಯ ಮೂಲ ನಾವೇ ಹೊರಬಿಡುವ ಬಳಸಿದ ನೀರು. ವರ್ಲಿ, ಬಾಂದ್ರಾ, ಧಾರಾವಿ, ಘಾಟ್‌ಕೋಪರ್, ಭಾಂಡೂಪ್, ಮಲಾಡ್ ಮತ್ತು ವರ್ಸೋವಾಗಳಲ್ಲಿ ಒಟ್ಟು 246 ಕೋಟಿ ಲೀಟರ್ ದೈನಿಕ ಸಾಮರ್ಥ್ಯದ ಏಳು ಕೊಳಚೆ ನೀರು ಶುದ್ಧೀಕರಣ ಘಟಕಗಳಿಗೆ 2023ರಲ್ಲಿ ಶಂಕುಸ್ಥಾಪನೆಯಾಯಿತು. ಊರು ನೀರು ಬಳಸುವವರೆಗೂ ಈ ಮೂಲಕ್ಕೆ ಬರವಿಲ್ಲ. ಇನ್ನು ನಾಲ್ಕನೆಯದು, ಈ ಲೇಖನದ ವಿಷಯವಾದ ನಗರದೊಳಗಿನ ಕೆರೆಗಳ ನೀರು.

ಕೆರೆಯ ನೀರು ಕುಡಿಯುವ ನೀರಾಗುವ ಬಗೆ

ಕರಾವಳಿಯ ಮನೆಗಳಲ್ಲಿ ಆಷಾಢದ ಮಳೆಗೆ ಬಾವಿಯ ನೀರು ಕದಡಿದಾಗ ಹಿರಿಯರು ಪಟಿಕದ ತುಂಡೊಂದನ್ನು ನೀರಿನಲ್ಲಿ ಆಡಿಸಿ, ಕೊಡವನ್ನು ರಾತ್ರಿಯಿಡೀ ಅಲುಗಿಸದೆ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿಯುತ್ತಿದ್ದರು. ಬಯಲುಸೀಮೆಯ ಕೆಲವೆಡೆ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಇದೇ ಕೆಲಸ ಮಾಡಿಸುತ್ತಿದ್ದರು. ಭಾಂಡೂಪ್‌ನಲ್ಲಿ ಒಂದು 191 ಕೋಟಿ ಲೀಟರಿನದು, ಇನ್ನೊಂದು 90 ಕೋಟಿ ಲೀಟರಿನದು ಹೀಗೆ ಎರಡು ದೊಡ್ಡ ಘಟಕಗಳು ಪ್ರತಿದಿನ ಮಾಡುವುದೂ ಮೂಲತಃ ಅದನ್ನೇ.

ಜಲಾಶಯದಿಂದ ಬಂದ ನೀರಿನಲ್ಲಿ ತಮ್ಮಷ್ಟಕ್ಕೆ ತಳಕ್ಕಿಳಿಯದಷ್ಟು ಸಣ್ಣ ಮಣ್ಣಿನ ಕಣಗಳಿರುತ್ತವೆ. ಅವುಗಳ ಮೇಲ್ಮೈಯಲ್ಲಿ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಅವು ಪರಸ್ಪರ ದೂರ ಸರಿಯುತ್ತ ತೇಲುತ್ತಲೇ ಇರುತ್ತವೆ. ಪಟಿಕ ಅಥವಾ ಅಲ್ಯೂಮಿನಿಯಂನ ಬೇರೊಂದು ಲವಣವನ್ನು ಬೆರೆಸಿದಾಗ ಆ ವಿದ್ಯುದಂಶ ಕುಂದಿ, ಕಣಗಳು ಒಂದಕ್ಕೊಂದು ಅಂಟಿಕೊಂಡು ಹತ್ತಿಯ ಎಳೆಯಂತಹ ಗಂಟುಗಳಾಗುತ್ತವೆ. ಗಂಟುಗಳು ಒಡೆಯದಂತೆ ನೀರನ್ನು ನಿಧಾನವಾಗಿ ಕಲಕಿ, ದೊಡ್ಡ ತೊಟ್ಟಿಗಳಲ್ಲಿ ಕೆಲವು ಗಂಟೆಗಳ ಕಾಲ ನಿಲ್ಲಿಸಿದರೆ ಕೆಸರು ತಳ ಸೇರುತ್ತದೆ. ಮೇಲಿನ ತಿಳಿನೀರು ಮರಳಿನ ದಪ್ಪ ಹಾಸಿನ ಮೂಲಕ ಇಳಿದು ಉಳಿದ ಕಣಗಳನ್ನು ಅಲ್ಲಿ ಬಿಡುತ್ತದೆ. ಕೊನೆಯಲ್ಲಿ ಕ್ಲೋರಿನ್ ಬೆರೆಸಲಾಗುತ್ತದೆ.

ಕ್ಲೋರಿನ್‌ಗೆ ಎರಡು ಕೆಲಸಗಳಿವೆ. ಅಲ್ಲಿರುವ ರೋಗಾಣುಗಳನ್ನು ಕೊಲ್ಲುವುದು ಮೊದಲನೆಯದು. ಕೊಳವೆಯಲ್ಲಿ ಹಲವು ಕಿಲೋಮೀಟರ್ ಸಾಗುವ ನೀರಿಗೆ ದಾರಿಯಲ್ಲಿ ಸೇರಬಹುದಾದ ರೋಗಾಣುಗಳ ವಿರುದ್ಧ ಕಾವಲಾಗಿ ಉಳಿಯುವುದು ಎರಡನೆಯದು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಮನೆಗೆ ತಲುಪುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಎಂಬ ಮಲಮೂಲದ ಬ್ಯಾಕ್ಟೀರಿಯಾ ಒಂದೂ ಕಾಣಿಸಬಾರದು. ಬೆಳಗಿನ ನೀರಿನಲ್ಲಿ ನಮಗೆ ಬರುವ ಕ್ಲೋರಿನ್ ವಾಸನೆ ಈ ಕಾವಲಿನ ಗುರುತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಈ ವಿಧಾನ ನೀರಿನಲ್ಲಿ ತೇಲುವ ವಸ್ತುವನ್ನು ತೆಗೆಯುತ್ತದೆ ಮತ್ತು ರೋಗಾಣುಗಳನ್ನು ಕೊಲ್ಲುತ್ತದೆ. ನೀರಿನಲ್ಲಿ ಕರಗಿರುವುದನ್ನು ಅದು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ಸಕ್ಕರೆ ಬೆರೆಸಿದ ನೀರನ್ನು ಎಷ್ಟು ಸಲ ಬಟ್ಟೆಯಲ್ಲಿ ಸೋಸಿದರೂ ಸಿಹಿ ಹೋಗುವುದಿಲ್ಲವಷ್ಟೆ. ಸಾಬೂನಿನ ಪುಡಿಯ ರಂಜಕ, ಕೊಳಚೆಯ ಅಮೋನಿಯಾ, ಔಷಧಗಳ ಅಂಶ, ಕರಗಿದ ಲವಣ ಇವೆಲ್ಲ ಆ ಸಕ್ಕರೆಯ ಸಾಲಿಗೆ ಸೇರುತ್ತವೆ. ಕಾಡಿನಿಂದ ಬಂದ ನೀರಿಗೆ ಪಟಿಕ, ಮರಳು, ಕ್ಲೋರಿನ್ ಸಾಕು. ಬಡಾವಣೆಯ ನೀರಿಗೆ ಸಾಲದು.

ವಿಹಾರ್ ಮತ್ತು ಪೊವಾಯಿ: ನೆರೆಹೊರೆಯ ಎರಡು ಕೆರೆಗಳು

1850ರ ದಶಕದಲ್ಲಿ ಮುಂಬೈ ಬರಗಾಲದಿಂದ ಕಂಗೆಟ್ಟಾಗ, ಅಲ್ಲಿಯವರೆಗೆ ಬಾವಿಗಳನ್ನೂ ಊರೊಳಗಿನ ಕೆರೆಗಳನ್ನೂ ನಂಬಿದ್ದ ಜನರಿಗಾಗಿ ಹೆನ್ರಿ ಕೋನಿಬೇರ್ ಎಂಬ ಎಂಜಿನಿಯರ್ ಮಿಠಿ ನದಿಯ ಕಣಿವೆಗೆ ಒಡ್ಡು ಕಟ್ಟುವ ಯೋಜನೆ ಮುಂದಿಟ್ಟರು. 1860ರಲ್ಲಿ ವಿಹಾರ್ ಕೆರೆ ಪೂರ್ಣಗೊಂಡು ನಗರಕ್ಕೆ ಮೊದಲ ಬಾರಿ ಕೊಳವೆಯ ನೀರು ಬಂತು. 1879ರಲ್ಲಿ ತುಳಸಿ ಸೇರಿತು. ಅಷ್ಟೂ ಸಾಲದೆ ತಾನ್ಸಾ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ, ಅವಸರದ ಅಗತ್ಯ ಪೂರೈಸಲೆಂದು 1890ರ ಸುಮಾರಿಗೆ ಪೊವಾಯಿಯನ್ನು ಕಟ್ಟಲಾಯಿತು. 1892ರಲ್ಲಿ ತಾನ್ಸಾದ ನೀರು ಬಂದ ಮೇಲೆ ಪೊವಾಯಿಯ ಅಗತ್ಯ ಕಡಿಮೆಯಾಯಿತು, ಅದರ ನೀರಿನ ಗುಣವೂ ಸಮಾಧಾನಕರವಾಗಿರಲಿಲ್ಲ. ಹೀಗೆ ಕುಡಿಯುವ ನೀರಿಗೆಂದೇ ಹುಟ್ಟಿದ ಕೆರೆ ಬಹುಬೇಗ ಆ ಪಟ್ಟಿಯಿಂದ ಹೊರಬಿತ್ತು. ಇಂದು ಅದರ ನೀರು ಕೈಗಾರಿಕೆಗೆ ಮತ್ತು ಆರೇ ಕಾಲೊನಿಯ ಕುಡಿಯುವುದನ್ನು ಬಿಟ್ಟ ಉಪಯೋಗಗಳಿಗೆ ಹೋಗುತ್ತದೆ.

ವಿಹಾರ್ ಮತ್ತು ಪೊವಾಯಿಗಳ ನಡುವೆ ಇರುವುದು ಒಂದೆರಡು ಕಿಲೋಮೀಟರ್ ಅಂತರ ಮಾತ್ರ. ಎರಡರ ಮೇಲೂ ಬೀಳುವ ಮಳೆ ಒಂದೇ, ಎರಡರ ಕೋಡಿಯ ನೀರೂ ಸೇರುವುದು ಮಿಠಿ ನದಿಗೇ. ಹಾಗಿದ್ದೂ 160 ವರ್ಷ ದಾಟಿದ ವಿಹಾರ್ ಇಂದಿಗೂ ಕುಡಿಯುವ ನೀರು ಕೊಡುತ್ತಿದೆ, ಅದಕ್ಕಿಂತ ಮೂವತ್ತು ವರ್ಷ ಚಿಕ್ಕದಾದ ಪೊವಾಯಿ ಕೊಡುತ್ತಿಲ್ಲ. ಈ ವ್ಯತ್ಯಾಸದ ಮುಖ್ಯ ಕಾರಣ ಕೆರೆಯ ಪಾತ್ರದಲ್ಲಿಲ್ಲ, ಅದರ ಜಲಾನಯನದಲ್ಲಿದೆ. ಜಲಾನಯನವೆಂದರೆ ಯಾವ ನೆಲದ ಮೇಲೆ ಬಿದ್ದ ಮಳೆ ಹರಿದು ಕೆರೆಗೆ ಸೇರುತ್ತದೆಯೋ ಆ ನೆಲ. ಮಾಡಿನ ಮೇಲೆ ಬಿದ್ದ ಮಳೆನೀರು ತೊಟ್ಟಿಗೆ ಇಳಿಯುವ ಹಳೆಯ ತೊಟ್ಟಿಮನೆಯನ್ನು ನೆನೆದರೆ, ಮಾಡು ಎಷ್ಟು ಸ್ವಚ್ಛವೋ ತೊಟ್ಟಿಯ ನೀರು ಅಷ್ಟೇ ಸ್ವಚ್ಛ. ವಿಹಾರ್‌ನ ಮಾಡು ರಾಷ್ಟ್ರೀಯ ಉದ್ಯಾನದ ಕಾಡು. ಎಲೆಗಳ ಹಾಸು, ಬೇರುಗಳ ಜಾಲ ಮಳೆನೀರನ್ನು ತಡೆದು, ಇಂಗಿಸಿ, ಸೋಸಿ ಕೆರೆಗೆ ಬಿಡುತ್ತವೆ. ಪೊವಾಯಿಯ 6.61 ಚದರ ಕಿಲೋಮೀಟರ್ ಜಲಾನಯನದ ಬಹುಭಾಗದಲ್ಲಿ ಈಗ ವಸತಿ ಸಮುಚ್ಚಯಗಳು, ಜೋಪಡಿಗಳು, ರಸ್ತೆಗಳು, ಸಂಸ್ಥೆಗಳ ಆವರಣಗಳು ಇವೆ. ಒಳಚರಂಡಿಗೆ ಸೇರದ ಕೊಳಚೆ ಮಳೆನೀರಿನ ಚರಂಡಿಗಳ ಮೂಲಕ ವರ್ಷವಿಡೀ ಕೆರೆಗೆ ಇಳಿಯುತ್ತಿದೆ.

ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ ಗಿಡಗಳಿಗೆ ಗೊಬ್ಬರ. ಗದ್ದೆಗೆ ಯೂರಿಯಾ ಎರಚಿದರೆ ಪೈರು ಹೇಗೆ ಬೆಳೆಯುತ್ತದೆಯೋ ಹಾಗೆ ಕೆರೆಯಲ್ಲಿ ಪಾಚಿಯೂ, ಇಲ್ಲಿಯವರು ಜಲಪರ್ಣಿ ಎನ್ನುವ ನೇರಳೆ ಹೂವಿನ ತೇಲುಕಳೆಯೂ ಬೆಳೆಯುತ್ತವೆ. ಪೊವಾಯಿಯ ಕೆಲವು ಭಾಗಗಳು ದೂರದಿಂದ ಹಸಿರು ಮೈದಾನದಂತೆ ಕಾಣುವುದು ಇದರಿಂದಲೇ. ಈ ಕಳೆ ಸತ್ತು ತಳ ಸೇರಿ ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಖರ್ಚಾಗುತ್ತದೆ, ಮೀನುಗಳು ಉಸಿರುಗಟ್ಟುತ್ತವೆ, ಹೂಳು ಏರುತ್ತ ಹೋಗುತ್ತದೆ. ಯಂತ್ರಗಳಿಂದ ಕಳೆ ತೆಗೆಯುವ ಕೆಲಸ ಪದೇಪದೇ ನಡೆದರೂ ಗೊಬ್ಬರ ಬರುತ್ತಲೇ ಇರುವಾಗ ಬೆಳೆ ಮತ್ತೆ ಬರುತ್ತದೆ. ಮೊಸಳೆಗಳಿಗೂ ಅನೇಕ ಬಗೆಯ ಹಕ್ಕಿಗಳಿಗೂ ನೆಲೆಯಾಗಿರುವ ಕೆರೆ ಇದಾದ್ದರಿಂದ, ಕುಡಿಯುವ ನೀರಿನ ಪ್ರಶ್ನೆ ಬದಿಗಿಟ್ಟರೂ ಈ ಸ್ಥಿತಿ ಮನಸ್ಸಿಗೆ ನೋವು ತರುವಂಥದ್ದು.

ಮಲಿನವಾದ ಕೆರೆಯ ನೀರಿಗೆ ಬೇಕಾದ ಹೆಚ್ಚಿನ ಶುದ್ಧೀಕರಣ

ಇಂತಹ ನೀರನ್ನು ನೇರವಾಗಿ ಪಟಿಕ, ಮರಳು, ಕ್ಲೋರಿನ್‌ಗಳ ಘಟಕಕ್ಕೆ ಬಿಟ್ಟರೆ ಮೂರು ತೊಡಕುಗಳು ಎದುರಾಗುತ್ತವೆ. ಪಾಚಿ ಮರಳಿನ ಹಾಸನ್ನು ಬೇಗನೆ ಕಟ್ಟಿಬಿಡುತ್ತದೆ. ಅಮೋನಿಯಾ ಕ್ಲೋರಿನ್‌ನೊಂದಿಗೆ ಸೇರಿಕೊಂಡು ಅದನ್ನು ಖರ್ಚುಮಾಡುವುದರಿಂದ ರೋಗಾಣುಗಳನ್ನು ಕೊಲ್ಲಲು ಹಲವು ಪಟ್ಟು ಹೆಚ್ಚು ಕ್ಲೋರಿನ್ ಬೇಕಾಗುತ್ತದೆ. ಹಾಗೆ ಹೆಚ್ಚಿಸಿದ ಕ್ಲೋರಿನ್, ಕೊಳೆತ ಸಸ್ಯಾಂಶದೊಂದಿಗೆ ಕೂಡಿ ಟ್ರೈಹಾಲೊಮೀಥೇನ್ ಎಂಬ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಇವು ದೀರ್ಘಕಾಲ ದೇಹಕ್ಕೆ ಸೇರಿದರೆ ಹಾನಿಕರವಾಗಬಹುದಾದ್ದರಿಂದ ಮಾನಕಗಳು ಇವಕ್ಕೆ ಮಿತಿ ಹಾಕಿವೆ. ನೀಲಿಹಸಿರು ಪಾಚಿಯ ಕೆಲವು ಬಗೆಗಳು ಯಕೃತ್ತಿಗೆ ವಿಷವಾಗುವ ವಸ್ತುಗಳನ್ನೂ ಬಿಡುತ್ತವೆ. ನೀರನ್ನು ಕುದಿಸುವುದರಿಂದ ಆ ವಿಷ ಹೋಗುವುದಿಲ್ಲ ಎಂಬುದನ್ನು ಮನೆಯಲ್ಲಿ ನೀರು ಕುದಿಸಿ ನಿಶ್ಚಿಂತರಾಗುವ ನಾವು ತಿಳಿದಿರಬೇಕು.

ಆದ್ದರಿಂದ ಇಂತಹ ನೀರಿಗೆ ಇನ್ನೂ ಕೆಲವು ಮೆಟ್ಟಿಲುಗಳು ಬೇಕು. ಗಾಳಿಯ ಸಣ್ಣ ಗುಳ್ಳೆಗಳನ್ನು ತಳದಿಂದ ಬಿಟ್ಟು ಪಾಚಿಯನ್ನು ಮೇಲಕ್ಕೆ ತೇಲಿಸಿ ಕೆನೆಯಂತೆ ತೆಗೆಯುವುದು, ಬ್ಯಾಕ್ಟೀರಿಯಾಗಳ ನೆರವಿನಿಂದಲೇ ಅಮೋನಿಯಾವನ್ನು ಕಡಿಮೆ ಮಾಡುವುದು, ಓಜೋನ್ ಅನಿಲದಿಂದ ಕರಗಿದ ಸಾವಯವ ವಸ್ತುವನ್ನು ಒಡೆಯುವುದು, ವಾಸನೆ ಮತ್ತು ವಿಷಾಂಶ ಹೀರುವ ಸಕ್ರಿಯ ಇದ್ದಿಲಿನ ಮೂಲಕ ಹಾಯಿಸುವುದು, ಬ್ಯಾಕ್ಟೀರಿಯಾ ಕೂಡ ನುಸುಳಲಾರದಷ್ಟು ಸಣ್ಣ ರಂಧ್ರಗಳ ಪೊರೆಯಲ್ಲಿ ಸೋಸುವುದು, ಅಗತ್ಯವಿದ್ದರೆ ಮನೆಯ ಆರ್‌ಒ ಯಂತ್ರದ ತತ್ವವನ್ನೇ ದೊಡ್ಡದಾಗಿ ಬಳಸಿ ಕರಗಿದ ಲವಣವನ್ನು ತೆಗೆಯುವುದು, ಹೀಗೆ. ಕೆರೆಯ ನೀರಿನಲ್ಲಿ ಉಪ್ಪು ಕಡಲಿನದಕ್ಕೆ ಹೋಲಿಸಿದರೆ ತೀರ ಕಡಿಮೆಯಾದ್ದರಿಂದ ವಿದ್ಯುತ್ ಖರ್ಚೂ ಅಷ್ಟರಮಟ್ಟಿಗೆ ಕಡಿಮೆ. ತಂತ್ರಜ್ಞಾನದ ದೃಷ್ಟಿಯಿಂದ ಹೇಳುವುದಾದರೆ ಪೊವಾಯಿಯ ನೀರನ್ನು ಕುಡಿಯುವಂತೆ ಮಾಡುವುದು ಅಸಾಧ್ಯವೇನಲ್ಲ. ಆದರೆ ಕೊಳಚೆ ಬಂದು ಸೇರುವುದನ್ನು ನಿಲ್ಲಿಸದೆ ಇಷ್ಟೆಲ್ಲ ಯಂತ್ರಗಳನ್ನು ಕೂರಿಸುವುದು, ಮಾಡು ಸೋರುತ್ತಿರುವಾಗ ದಿನವೂ ನೆಲ ಒರೆಸುತ್ತ ಕೂರುವುದಕ್ಕೆ ಸಮ.

ಎಷ್ಟು ನೀರು ಸಿಕ್ಕೀತು?

ಪೊವಾಯಿ ತುಂಬಿದಾಗ ಅದರಲ್ಲಿ ನಿಲ್ಲುವ ನೀರು ಸುಮಾರು 545 ಕೋಟಿ ಲೀಟರ್. ನಗರಕ್ಕೆ ದಿನವೊಂದಕ್ಕೆ ಬೇಕಾಗುವುದು 390 ಕೋಟಿ ಲೀಟರ್ ಎಂಬುದನ್ನು ನೆನೆದರೆ, ಇಡೀ ಕೆರೆಯನ್ನು ಬರಿದು ಮಾಡಿದರೂ ನಗರಕ್ಕೆ ಒಂದೂವರೆ ದಿನವೂ ಸಾಲದು. ಇದೇ ನೀರನ್ನು ವರ್ಷದ 365 ದಿನಗಳಿಗೆ ಹಂಚಿದರೆ ದಿನಕ್ಕೆ ಒಂದೂವರೆ ಕೋಟಿ ಲೀಟರ್ ಬರುತ್ತದೆ. ಮಹಾನಗರಗಳಲ್ಲಿ ತಲೆಗೆ ದಿನಕ್ಕೆ 150 ಲೀಟರ್ ಎಂಬ ಕೇಂದ್ರ ಸರ್ಕಾರದ ಕೈಪಿಡಿಯ ಲೆಕ್ಕದಲ್ಲಿ ಅದು ಒಂದು ಲಕ್ಷ ಜನರಿಗೆ ಸಾಕು. ಇಡೀ ಮುಂಬೈಯ ದೃಷ್ಟಿಯಲ್ಲಿ ಇದು ಶೇಕಡಾ ಅರ್ಧಕ್ಕಿಂತ ಕಡಿಮೆ, ಒಂದು ಬಡಾವಣೆಯ ದೃಷ್ಟಿಯಲ್ಲಿ ಬಹಳ.

ಆದರೆ ಈ ಒಂದೂವರೆ ಕೋಟಿಯೂ ಪೂರ್ತಿ ಕೈಗೆ ಸಿಗುವುದಿಲ್ಲ. ತುಂಬಿದ ಪೊವಾಯಿಯ ನೀರು ಸುಮಾರು 2.23 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಬಿಸಿಲಿಗೆ ದಿನಕ್ಕೆ 4 ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದು ಇಟ್ಟುಕೊಂಡರೆ, ಆ ಹರವಿನಿಂದ ದಿನಕ್ಕೆ ಸುಮಾರು 89 ಲಕ್ಷ ಲೀಟರ್ ಗಾಳಿಗೆ ಹೋಗುತ್ತದೆ. ಕೆರೆ ಆಳ ಕಡಿಮೆಯಾಗಿ ಹರವು ಹೆಚ್ಚಾದಷ್ಟೂ ಈ ನಷ್ಟ ಹೆಚ್ಚು, ಹೂಳು ತುಂಬಿದ ಕೆರೆಯ ದೊಡ್ಡ ಕೊರತೆಗಳಲ್ಲಿ ಇದೂ ಒಂದು. ಮೊಸಳೆ, ಮೀನು, ಹಕ್ಕಿಗಳ ಪಾಲಿನ ನೀರನ್ನೂ ಕೆರೆಯಲ್ಲಿ ಬಿಡಬೇಕು.

ಹಾಗಾದರೆ ಕೋಡಿಯಲ್ಲಿ ಹರಿದುಹೋಗುವ ನೀರಿನ ಕಥೆಯೇನು? ಮುಂಬೈಯ ಉಪನಗರಗಳಲ್ಲಿ ಮಳೆಗಾಲದ ಸರಾಸರಿ ಮಳೆ ಸುಮಾರು 2,300 ಮಿಲಿಮೀಟರ್. ಅದು 6.61 ಚದರ ಕಿಲೋಮೀಟರ್ ಮೇಲೆ ಬಿದ್ದರೆ 1,500 ಕೋಟಿ ಲೀಟರಿಗೂ ಹೆಚ್ಚಾಗುತ್ತದೆ, ಅಂದರೆ ಕೆರೆಯ ಹೊಟ್ಟೆಗೆ ಹೋಲಿಸಿದರೆ ಎರಡೂವರೆ ಪಟ್ಟು ಮಿಕ್ಕಿ. ಇದರಲ್ಲಿ ಆವಿಯಾದದ್ದು, ನೆಲಕ್ಕೆ ಇಂಗಿದ್ದು ಕಳೆದು ಉಳಿದದ್ದು ಕೆರೆ ತುಂಬಿ ಕೋಡಿ ಹರಿಯುತ್ತದೆ. ಈ ನೀರನ್ನು ಹಿಡಿಯಬಾರದೇಕೆ ಎಂಬ ಪ್ರಶ್ನೆಗೆ ಕಾಲದ ಲೆಕ್ಕ ಅಡ್ಡಬರುತ್ತದೆ. ಪೊವಾಯಿ ಕೋಡಿ ಹರಿಯುವುದು ಜುಲೈ, ಆಗಸ್ಟ್‌ನಲ್ಲಿ. ಒಳ್ಳೆಯ ಮಳೆಯ ವರ್ಷದಲ್ಲಿ ಆಗ ಭಾತ್ಸಾ, ತಾನ್ಸಾಗಳೂ ತುಂಬುತ್ತಿರುತ್ತವೆ. ನಗರಕ್ಕೆ ನೀರು ಬೇಕಾಗುವ ಏಪ್ರಿಲ್, ಮೇ ತಿಂಗಳುಗಳಿಗೆ ಅದನ್ನು ಕೂಡಿಡಲು ಬೇರೆ ಜಾಗವಿಲ್ಲ. ಮಳೆ ತಡವಾಗಿ, ಉಪನಗರದಲ್ಲಿ ಸುರಿದರೂ ಸಹ್ಯಾದ್ರಿಯ ಮಡಿಲಿಗೆ ಇನ್ನೂ ತಲುಪದ ವಾರಗಳಲ್ಲಿ ಮಾತ್ರ ನಗರದೊಳಗಿನ ಕೆರೆಯ ನೀರು ನಿಜಕ್ಕೂ ಬೇರೆ ಮೂಲದಂತೆ ನೆರವಿಗೆ ಬರಬಲ್ಲದು.

ಇದೇ ಜಾಗದಲ್ಲಿ ಇನ್ನೊಂದು ಸಂಖ್ಯೆಯನ್ನೂ ಇಟ್ಟು ನೋಡಬೇಕು. ಸೋರುವ ಕೊಳವೆಗಳು, ಅನಧಿಕೃತ ಜೋಡಣೆಗಳು ಮತ್ತು ಕೆಟ್ಟ ಮೀಟರುಗಳಿಂದ ನಗರದ ನೀರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಕಾಲು ಭಾಗವೆಂದೇ ಹಿಡಿದರೂ ಅದು ದಿನಕ್ಕೆ 97 ಕೋಟಿ ಲೀಟರ್, ಪೊವಾಯಿಯ ಅತ್ಯುತ್ತಮ ಲೆಕ್ಕದ ಅರವತ್ತು ಪಟ್ಟಿಗೂ ಹೆಚ್ಚು. ಹೊಸ ಮೂಲ ಹುಡುಕುವ ಕೆಲಸಕ್ಕೆ ಸಿಗುವಷ್ಟು ಗಮನ ಸೋರುವ ಕೊಳವೆಗೆ ಸಿಗದಿರುವುದು ಸರಿಯಲ್ಲವೆಂದು ನನಗೆ ತೋರುತ್ತದೆ.

ಕೊಡದ ನೀರು, ಹಂಡೆಯ ನೀರು

ಊರ ಮನೆಗಳಲ್ಲಿ ಕುಡಿಯುವ ಕೊಡದ ನೀರಿಗೂ, ಸ್ನಾನದ ಹಂಡೆಯ ನೀರಿಗೂ, ದನದ ಕೊಟ್ಟಿಗೆಯ ನೀರಿಗೂ ಬೇರೆ ಬೇರೆ ಮೂಲಗಳಿರುತ್ತಿದ್ದವು. ಸಿಹಿನೀರಿನ ಬಾವಿಯಿಂದ ಅಂಗಳ ತೊಳೆಯುವವರಿರಲಿಲ್ಲ. ಕೊಳವೆಯ ನೀರು ಬಂದ ಮೇಲೆ ಈ ಭೇದ ಅಳಿಸಿಹೋಯಿತು. ನೂರು ಕಿಲೋಮೀಟರ್ ದೂರದಿಂದ ತಂದು, ಕುಡಿಯುವ ಮಟ್ಟಕ್ಕೆ ಶುದ್ಧಗೊಳಿಸಿದ ನೀರನ್ನೇ ಶೌಚಾಲಯಕ್ಕೂ, ಉದ್ಯಾನಕ್ಕೂ, ಕಟ್ಟಡದ ಗಾರೆಗೂ ಬಳಸುತ್ತಿದ್ದೇವೆ. ಕೆರೆಯ ನೀರನ್ನು ಮಧ್ಯಮ ಮಟ್ಟಕ್ಕೆ ಶುದ್ಧೀಕರಿಸಿ ಈ ಕೆಲಸಗಳಿಗೆ ಕೊಟ್ಟರೆ, ಅಷ್ಟೇ ಪ್ರಮಾಣದ ಭಾತ್ಸಾ ನೀರು ಕುಡಿಯಲು ಉಳಿಯುತ್ತದೆ. ದೊಡ್ಡ ಕಚೇರಿ ಕಟ್ಟಡಗಳ ತಂಪುಯಂತ್ರಗಳಿಗೆ, ಮೆಟ್ರೊ ಮತ್ತು ರಸ್ತೆ ಕಾಮಗಾರಿಗಳಿಗೆ, ಅಗ್ನಿಶಾಮಕ ದಳಕ್ಕೆ ಕುಡಿಯುವ ನೀರು ಬೇಕಿಲ್ಲ.

ಇದಕ್ಕೆ ಪ್ರತ್ಯೇಕ ಕೊಳವೆಯ ಜಾಲ ಬೇಕು ಎಂಬುದೇ ದೊಡ್ಡ ಅಡ್ಡಿ. ಹಳೆಯ ಚಾಳುಗಳಲ್ಲಿ, ಅಂದರೆ ಸಾಲು ಕೋಣೆಗಳ ವಠಾರಗಳಲ್ಲಿ, ಎರಡನೆಯ ಕೊಳವೆ ಹಾಕಲು ಗೋಡೆಯಲ್ಲಿ ಜಾಗವೇ ಇರುವುದಿಲ್ಲ. ಪುನರ್ನಿರ್ಮಾಣಕ್ಕೆ ಹೋಗುವ ಸೊಸೈಟಿಗಳಲ್ಲಿ ನಕ್ಷೆಯ ಹಂತದಲ್ಲೇ ಇದನ್ನು ಸೇರಿಸಿಕೊಂಡರೆ ಖರ್ಚು ಕಡಿಮೆ. ಎರಡು ಜಾಲಗಳು ತಪ್ಪಿಯೂ ಒಂದಕ್ಕೊಂದು ಕೂಡದಂತೆ ಕೊಳವೆಗಳ ಬಣ್ಣವನ್ನು ಬೇರೆ ಮಾಡುವುದು, ಜೋಡಣೆಗಳನ್ನು ಆಗಾಗ ಪರೀಕ್ಷಿಸುವುದು ಕಡ್ಡಾಯವಾಗಬೇಕಾಗುತ್ತದೆ.

ಬೇರೆ ಊರುಗಳ ಅನುಭವ

2019ರಲ್ಲಿ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಎಂಬ ನಾಲ್ಕೂ ಜಲಾಶಯಗಳು ಬತ್ತಿ ಚೆನ್ನೈ ನಗರ ರೈಲಿನಲ್ಲಿ ನೀರು ತರಿಸಿಕೊಂಡಾಗ, ಕೈಬಿಟ್ಟ ಕಲ್ಲುಗಣಿಗಳಲ್ಲಿ ನಿಂತಿದ್ದ ನೀರನ್ನೂ ಶುದ್ಧೀಕರಿಸಿ ಪೂರೈಸಲಾಯಿತು. ಆ ನಗರ ಇಂದು ಮಿಂಜೂರು, ನೆಮ್ಮೇಲಿಗಳ ಕಡಲ ನೀರನ್ನೂ, ಕೈಗಾರಿಕೆಗೆ ಮರುಬಳಕೆಯ ನೀರನ್ನೂ ಜೊತೆಗಿಟ್ಟುಕೊಂಡಿದೆ. ಬೆಂಗಳೂರು 19ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟ ಕೆರೆಯ ನೀರನ್ನು, ಅನಂತರ ತಿಪ್ಪಗೊಂಡನಹಳ್ಳಿಯ ನೀರನ್ನು ಕುಡಿಯುತ್ತಿತ್ತು. ಅರ್ಕಾವತಿಯ ಜಲಾನಯನ ಕೆಟ್ಟಂತೆ ಆ ಮೂಲಗಳು ಸೊರಗಿ, ನಗರ ಮುಖ್ಯವಾಗಿ ಕಾವೇರಿಯನ್ನೇ ನಂಬುವಂತಾಯಿತು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳನ್ನು ತುಂಬಿ ಅಂತರ್ಜಲಕ್ಕೆ ಇಂಗುತ್ತಿರುವುದು ನಮ್ಮಲ್ಲಿ ಹಲವರಿಗೆ ಗೊತ್ತಿದೆ, ಅದರ ಶುದ್ಧತೆಯ ಮಟ್ಟ ಸಾಕೇ ಎಂಬ ಚರ್ಚೆಯೂ ಗೊತ್ತಿದೆ.

ಮೂಲ ಬದಲಾದಾಗ ಕೊಳವೆಯೊಳಗೆ ಆಗುವುದು

ಅಮೆರಿಕದ ಫ್ಲಿಂಟ್ ನಗರ 2014ರಲ್ಲಿ ತನ್ನ ನೀರಿನ ಮೂಲವನ್ನು ಸ್ಥಳೀಯ ನದಿಗೆ ಬದಲಿಸಿತು. ಹೊಸ ನೀರು ಲೋಹವನ್ನು ಹೆಚ್ಚು ಕೊರೆಯುವ ಗುಣದ್ದಾಗಿತ್ತು, ಅದನ್ನು ತಡೆಯುವ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ಒಳಮೈಯ ಪದರ ಕರಗಿ ಸೀಸ ನೀರಿಗೆ ಸೇರಿತು, ಮಕ್ಕಳ ರಕ್ತದಲ್ಲಿ ಅದು ಪತ್ತೆಯಾಯಿತು. ಹೊಸ ಮೂಲವನ್ನು ಹಳೆಯ ಜಾಲಕ್ಕೆ ಸೇರಿಸುವ ಮುನ್ನ ಎರಡು ನೀರುಗಳ ಗಡಸುತನ, ಆಮ್ಲೀಯತೆ, ಲವಣಾಂಶಗಳನ್ನು ಹೊಂದಿಸಬೇಕಾದದ್ದು ಈ ಕಾರಣಕ್ಕೆ. ಉಪ್ಪು ತೆಗೆದ ಕಡಲ ನೀರಿಗೆ ಸುಣ್ಣದಂಶವನ್ನು ಮರಳಿ ಸೇರಿಸುವುದೂ ಇದಕ್ಕಾಗಿಯೇ.

ಮುಂಬೈಯ ಬಹುತೇಕ ಮನೆಗಳಿಗೆ ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ನೀರು ನಿಂತ ಹೊತ್ತಿನಲ್ಲಿ ಕೊಳವೆಯೊಳಗಿನ ಒತ್ತಡ ಇಳಿದು, ಬಿರುಕುಗಳಿಂದ ಸುತ್ತಲಿನ ಚರಂಡಿಯ ನೀರು ಒಳಕ್ಕೆ ಎಳೆಯಲ್ಪಡಬಹುದು. ಘಟಕದಿಂದ ಶುದ್ಧವಾಗಿ ಹೊರಟ ನೀರು ಮನೆಗೆ ಬರುವಾಗ ಕೆಡುವುದು ಹೀಗೆ. ಯಾವ ಕೆರೆಯ ನೀರನ್ನು ಸೇರಿಸಿದರೂ, ಅದರ ಗುಣವನ್ನು ಘಟಕದ ಬಾಗಿಲಲ್ಲಿ ಅಳೆದಂತೆಯೇ ಬಡಾವಣೆಯ ಕೊನೆಯ ನಲ್ಲಿಯಲ್ಲೂ ಅಳೆಯಬೇಕು.

ಮುಂದಿನ ದಾರಿಯಲ್ಲಿರುವ ಕೆಲಸಗಳು

ಪೊವಾಯಿಗೆ ಇಳಿಯುವ ಕೊಳಚೆಯನ್ನು ತಡೆದು ಒಳಚರಂಡಿಗೆ ತಿರುಗಿಸುವ ಕಾಮಗಾರಿಯನ್ನು ಪಾಲಿಕೆ ಕೈಗೆತ್ತಿಕೊಂಡಿದೆ. ಅದು ಮುಗಿದರೂ ತಳದ ಹೂಳಿನಲ್ಲಿ ವರ್ಷಗಳಿಂದ ಕೂಡಿದ ರಂಜಕ ನಿಧಾನವಾಗಿ ನೀರಿಗೆ ಬಿಡುಗಡೆಯಾಗುತ್ತಲೇ ಇರುತ್ತದೆ. ಆದ್ದರಿಂದ ಕೊಳಚೆ ನಿಂತ ವರ್ಷವೇ ನೀರು ತಿಳಿಯಾಗುತ್ತದೆಂದು ನಿರೀಕ್ಷಿಸುವಂತಿಲ್ಲ, ಹಲವು ಮಳೆಗಾಲಗಳ ಪರೀಕ್ಷೆಯ ಅಂಕಿ ಅಂಶಗಳು ಬೇಕಾಗುತ್ತವೆ.

ಅದಕ್ಕಿಂತ ಬೇಗ ಫಲ ಕೊಡಬಹುದಾದದ್ದು ನೆರೆಯ ವಿಹಾರ್. ಅದು ಕೋಡಿ ಬಿದ್ದಾಗ ಮಿಠಿ ನದಿಗೆ ಹರಿದುಹೋಗುವ ನೀರನ್ನು ಪಂಪು ಮಾಡಿ ಭಾಂಡೂಪ್‌ನ ಶುದ್ಧೀಕರಣ ಘಟಕಕ್ಕೆ ಕಳುಹಿಸುವ ಯೋಜನೆಯನ್ನು ಪಾಲಿಕೆ ರೂಪಿಸಿದೆ. ಕಾಡಿನಿಂದ ಬಂದ ನೀರಾದ್ದರಿಂದ ಪಟಿಕ, ಮರಳು, ಕ್ಲೋರಿನ್‌ಗಳೇ ಅದಕ್ಕೆ ಸಾಕು, ಘಟಕವೂ ಸಿದ್ಧವಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ವಿಹಾರ್, ಪೊವಾಯಿಗಳ ಕೋಡಿಯ ನೀರೂ ಮಿಠಿಯ ಪ್ರವಾಹಕ್ಕೆ ಸೇರಿ ಕುರ್ಲಾ, ಕಲೀನಾಗಳ ಮನೆಗಳಿಗೆ ನುಗ್ಗಿತ್ತು. ಅಂತಹ ಮಹಾಮಳೆಯನ್ನು ಯಾವ ಪಂಪೂ ತಡೆಯಲಾರದು. ಸಾಧಾರಣ ಮಳೆಯ ದಿನಗಳಲ್ಲಿ ಮಾತ್ರ ಕೋಡಿಯಿಂದ ಕೊಂಚ ನೀರು ನದಿಯ ಬದಲು ಭಾಂಡೂಪ್‌ನ ತೊಟ್ಟಿಗೆ ತಿರುಗಿದರೆ, ಮಿಠಿಯ ದಂಡೆಯ ಮನೆಗಳಿಗೆ ಅಷ್ಟು ನೀರು ಕಡಿಮೆ ಬರುತ್ತದೆ, ಭಾತ್ಸಾದಲ್ಲಿ ಅಷ್ಟು ನೀರು ಉಳಿಯುತ್ತದೆ.